ಏಳು ಗಂಟೆ ಬೇಕಾಗುವವರು ದೊಡ್ಡ ಮ್ಯಾರಥಾನ್‌ಗೆ ಹೆಸರು ಕೊಡಬಹುದೇ?

ಕುಕ್ಕರಹಳ್ಳಿ ಆಮೆ:
ವಯಸ್ಸು 53, ಊರು ಮೈಸೂರು, ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನಾಲ್ಕು ವರ್ಷಗಳಿಂದ ಬೆಳಗಿನ ಐದೂವರೆಗೆ ಕುಕ್ಕರಹಳ್ಳಿ ಕೆರೆ ಸುತ್ತುತ್ತಿದ್ದೇನೆ. ಅರ್ಧ ಮ್ಯಾರಥಾನ್‌ಗೆ ನನಗೆ 3 ಗಂಟೆ 15 ನಿಮಿಷ ಬೇಕು. ಈಗ ಪೂರ್ತಿ 42.195 ಕಿಲೋಮೀಟರ್ ಓಡುವ ಆಸೆ. ಏಳು ಗಂಟೆಯ ಗಡುವೆಂದರೆ ಕಿಲೋಮೀಟರಿಗೆ ಹತ್ತು ನಿಮಿಷಕ್ಕಿಂತ ತುಸು ಕಡಿಮೆ. ಲೆಕ್ಕ ಸುಲಭ, ಕಾಲು ಒಪ್ಪಬೇಕಷ್ಟೆ.

ತಮ್ಮನ ಮಗ, "ಅತ್ತೆ, ಜಂಬೂಸವಾರಿಯ ಆನೆಯೇ ನಿಮಗಿಂತ ಮೊದಲು ಬನ್ನಿಮಂಟಪ ಸೇರುತ್ತದೆ. ನಿಮ್ಮಂಥವರು ಹೆಸರು ಕೊಟ್ಟರೆ ನಿಜವಾದ ಓಟಗಾರರಿಗೆ ಜಾಗ ಸಿಗುವುದಿಲ್ಲ" ಎಂದ. ಮೊದಲ ಮಾತಿಗೆ ನಕ್ಕೆ. ಎರಡನೆಯದು ರಾತ್ರಿಯವರೆಗೂ ಚುಚ್ಚಿತು.

ಹೋದ ವರ್ಷ ಒಂದು ಅರ್ಧ ಮ್ಯಾರಥಾನಿನಲ್ಲಿ ನಾನು 17ನೇ ಕಿಲೋಮೀಟರಿಗೆ ಬರುವಾಗ ನೀರಿನ ಮೇಜನ್ನು ಮಡಿಸಿ ಲಾರಿಗೆ ಹಾಕುತ್ತಿದ್ದರು. ಗಡುವಿಗೆ ಇನ್ನೂ ಐವತ್ತು ನಿಮಿಷವಿತ್ತು. ಎಳನೀರಿನವನಿಗೆ ಸಾಲ ಹೇಳಿ ಕುಡಿದೆ. ಶುಲ್ಕ ಮಾತ್ರ ಎಲ್ಲರಿಗೂ ಒಂದೇ!

ನಾಲೆ ಏರಿ, ಮಂಡ್ಯ:
ಕ್ಷಮಿಸಿ ಮೇಡಂ, ನಾನು ನಿಮ್ಮ ಸೋದರಳಿಯನ ಪಕ್ಷ. ಪೂರ್ತಿ ಮ್ಯಾರಥಾನಿನಲ್ಲಿ 3 ಗಂಟೆ 20 ನಿಮಿಷಕ್ಕೆ ಇಳಿಯಲು ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಮೂರು ವರ್ಷ ಬೆವರು ಸುರಿಸಿದ್ದೇನೆ. ನಾಲ್ಕು ಗಂಟೆಯೊಳಗೆ ಮುಗಿಸಬಲ್ಲವರಷ್ಟೇ ಬರಲಿ ಎಂದು ಬಾಸ್ಟನ್‌ನ ಮ್ಯಾರಥಾನಿಗೆ 1970ರಲ್ಲೇ ನಿಯಮ ತಂದರು. ಆ ಓಟಕ್ಕೆ ಇರುವ ಬೆಲೆ ಅದರಿಂದಲೇ.

ನೀರಿನ ಮೇಜು:
ನಾನು ಓಡುವುದಿಲ್ಲ, ಓಡುವವರಿಗೆ ನೀರು ಕೊಡುತ್ತೇನೆ. ಬಾಸ್ಟನ್‌ನಲ್ಲೂ ಸೇವಾ ಸಂಸ್ಥೆಗಳಿಗೆ ಹಣ ಕೂಡಿಸುವವರು ಆ ಅರ್ಹತೆಯಿಲ್ಲದೆ ಓಡುತ್ತಾರೆ, ಮಂಡ್ಯದವರೇ. ಟೋಕಿಯೊದಲ್ಲಿ ಏಳು ಗಂಟೆ ಕೊಡುತ್ತಾರೆ. ಹೊನೊಲುಲುವಿನಲ್ಲಿ ಗಡುವೇ ಇಲ್ಲ. ನನ್ನ ತಕರಾರು ನಿಧಾನದವರ ಮೇಲಲ್ಲ. ಸುಳ್ಳು ಸಮಯ ಬರೆದು ಮುಂದಿನ ಸಾಲಿನಲ್ಲಿ ನಿಂತು, ಎರಡನೇ ಕಿಲೋಮೀಟರಿನಲ್ಲೇ ನಾಲ್ವರು ರಸ್ತೆಗಡ್ಡವಾಗಿ ಸೆಲ್ಫಿ ತೆಗೆಯುತ್ತಾರಲ್ಲ, ಅವರ ಮೇಲೆ.

ಮೇಡಂ, ಒಮ್ಮೆ ನಾನೂ ಹೊತ್ತಿಗೆ ಮುಂಚೆ ಮೇಜು ಎತ್ತಿದ್ದೇನೆ. ಬೆಳಗಿನ ಮೂರರಿಂದ ನಿಂತಿದ್ದೆ, ರಸ್ತೆ ಬಿಡಿ ಎಂದು ಪೊಲೀಸರ ಆತುರ ಬೇರೆ. ಆದರೂ ತಪ್ಪು ತಪ್ಪೇ. ಹೆಸರು ಕೊಡುವ ಮುನ್ನ ಒಂದು ಕೇಳಿಕೊಳ್ಳಿ: ಗಡುವಿನ ಎಣಿಕೆ ಓಟದ ಚಾಲನೆಯಿಂದಲೋ, ನಿಮ್ಮ ಸಮಯ ಅಳೆಯುವ ಚಿಪ್ ಆರಂಭದ ಗೆರೆ ದಾಟಿದಾಗಿನಿಂದಲೋ? ದೊಡ್ಡ ಓಟದಲ್ಲಿ ಹಿಂದಿನವರು ಗೆರೆ ಮುಟ್ಟುವಷ್ಟರಲ್ಲೇ ಇಪ್ಪತ್ತು ನಿಮಿಷ ಕಳೆದಿರಬಹುದು. ನಡುವೆ, 30ನೇ ಕಿಲೋಮೀಟರಿನ ಆಸುಪಾಸಿನಲ್ಲಿ, ಬೇರೆ ಗಡುವಿದೆಯೇ ಎಂದೂ ವಿಚಾರಿಸಿ.

ಕುಕ್ಕರಹಳ್ಳಿ ಆಮೆ:
ಗಣಿತದ ಮೇಷ್ಟ್ರಿಗೆ ಆ ಇಪ್ಪತ್ತು ನಿಮಿಷ ಹೊಳೆಯಲೇ ಇಲ್ಲ ನೋಡಿ! ಇಂದೇ ಬರೆದು ಕೇಳುತ್ತೇನೆ. ಮಂಡ್ಯದವರೇ, ನಾನು ಕೊನೆಯ ಸಾಲಿನಲ್ಲೇ ನಿಲ್ಲುತ್ತೇನೆ, ಗಡುವು ಮೀರಿದರೆ ತಕರಾರಿಲ್ಲದೆ, ಹಿಂದುಳಿದವರನ್ನು ಕರೆತರುವ ಬಸ್ ಹತ್ತುತ್ತೇನೆ. ಅದಕ್ಕೆ ಮೊದಲು ನೀರು ತೆಗೆದರೆ ಮಾತ್ರ ಜಗಳ. ಅಂದಹಾಗೆ, ಎಳನೀರಿನ ಸಾಲ ಮರುವಾರವೇ ತೀರಿಸಿದೆ. "ಇನ್ನೂ ಓಡುತ್ತಲೇ ಇದ್ದೀರಾ ಅಮ್ಮ?" ಎಂದ.