‘ದಿ ಜನರಲ್’ ಮಕ್ಕಳಿಗೆ ತೋರಿಸಬಹುದಾ? ಯಾವ ಕಾಪಿ, ಎಷ್ಟು ಸ್ಪೀಡು?

ಗೌರಿಬಿದನೂರು ಪ್ಯಾಸೆಂಜರ್:
ನಮ್ಮ ಕಡೆ ಹೈಸ್ಕೂಲೊಂದರಲ್ಲಿ ಎಂಟು, ಒಂಬತ್ತನೇ ಕ್ಲಾಸಿನವರಿಗೆ ಮೂಕಿ ಕಾಲದ ಹಾಸ್ಯನಟ ಬಸ್ಟರ್ ಕೀಟನ್‌ನ ‘ದಿ ಜನರಲ್’ (1926) ತೋರಿಸೋ ಯೋಚನೆ ಇದೆ. ಅಮೆರಿಕದ ಅಂತರ್ಯುದ್ಧದಲ್ಲಿ ಶತ್ರುಗಳು ಕದ್ದ ತನ್ನ ರೈಲು ಎಂಜಿನ್ ಹಿಂದೆ ಬೀಳೋ ಡ್ರೈವರ್ ಕಥೆ. ಪ್ರೊಜೆಕ್ಟರ್, ಲ್ಯಾಪ್‌ಟಾಪ್ ಎರಡೂ ಉಂಟು. ಮಾತಿಲ್ಲ, ಬಣ್ಣ ಇಲ್ಲ, ಹೀರೋ ಒಂದು ಸಲಾನೂ ನಗಲ್ಲ. ಇಷ್ಟಾದರೂ ಜನ ಈಗಲೂ ನಗೋದು ಯಾತಕ್ಕೆ? ಇನ್ನೊಂದು: ನೆಟ್ಟಲ್ಲಿ ಸಿಕ್ಕ ಒಂದು ಕಾಪಿಯಲ್ಲಿ ಎಲ್ಲರೂ ಇರುವೆ ಥರ ಓಡ್ತಾರೆ, ಮತ್ತೊಂದರಲ್ಲಿ ಕಾಲೇ ಕಾಣಲ್ಲ. ಇಂಗ್ಲಿಷ್ ಬರಹ ಬಂದಾಗ ಏನು ಮಾಡೋದು?

ರೀಲುಡಬ್ಬ:
ಸ್ಲೀಪರ್ (ಹಳಿ ಕೆಳಗೆ ಹಾಕೋ ಮರದ ದಿಮ್ಮಿ) ಸೀನ್ ಒಂದನ್ನೇ ನೋಡಿ ಸಾರ್, ಉತ್ತರ ಅಲ್ಲೇ ಇದೆ. ಓಡ್ತಿರೋ ಎಂಜಿನ್ನಿನ ಮೂತಿಯ ಜಾಲರಿ ಮೇಲೆ ಕೀಟನ್ ಕೂತಿದ್ದಾನೆ, ಎದೆಗೆ ಅವುಚಿಕೊಂಡ ದಪ್ಪ ಮರದ ಸ್ಲೀಪರ್. ಮುಂದೆ ಹಳಿ ಮೇಲೆ ಇನ್ನೊಂದು ಬಿದ್ದಿದೆ. ಇಳಿಯೋಕೆ ಟೈಮಿಲ್ಲ, ಕೈ ಖಾಲಿ ಇಲ್ಲ. ಕೈಯಲ್ಲಿರೋದನ್ನೇ ಎತ್ತಿ, ಬಿದ್ದಿರೋದರ ತುದಿಗೆ ಕುಕ್ಕುತ್ತಾನೆ. ಏತದ ಮರದ ಹಾಗೆ ಅದು ಎಗರಿ, ಎರಡೂ ಹಳಿಯಿಂದಾಚೆ. ಕೈಗೆ ತೊಡಕಾಗಿದ್ದ ದಿಮ್ಮಿಯೇ ದಾರಿ ಬಿಡಿಸ್ತು. ಇದಕ್ಕೆ ಮಾತು ಯಾಕೆ ಬೇಕು?

ಫಿರಂಗಿ ಸೀನೂ ಹಾಗೇ. ಮೊದಲ ಸಲ ಚಿಟಿಕೆ ಮದ್ದು ಹಾಕ್ತಾನೆ, ಗುಂಡು ಪುಸಕ್ಕಂತ ಇವನ ಎಂಜಿನ್ನಿಗೇ ಬಂದು ಬೀಳುತ್ತೆ. ಎರಡನೇ ಸಲ ಡಬ್ಬಿ ಪೂರ್ತಿ ಸುರೀತಾನೆ. ಎಂಜಿನ್ ಹಿಂದಿರೋ ಫಿರಂಗಿ ಬೋಗಿಯ ಕೊಂಡಿ ಕಳಚಿ, ಅದು ಕುಲುಕಿದ ಹಾಗೆಲ್ಲ ಫಿರಂಗಿ ಬಾಯಿ ಇಳಿದಿಳಿದು ಇವನ ಕಡೆಗೇ ನೇರ ಆಗುತ್ತೆ. ಸಿಡಿಯೋ ಹೊತ್ತಿಗೆ ಸರಿಯಾಗಿ ಹಳಿ ತಿರುವಿಗೆ ಬಂದು, ಇವನ ಎಂಜಿನ್ ಪಕ್ಕಕ್ಕೆ ಸರಿದು, ಗುಂಡು ಶತ್ರುಗಳ ರೈಲಿನ ಹತ್ತಿರ ಬೀಳುತ್ತೆ. ದೂರದಿಂದ ನೋಡಿದರೆ ಮಹಾ ಗುರಿಕಾರನ ಏಟು ಅನ್ನಿಸಬೇಕು! ಪ್ರೇಕ್ಷಕನಿಗೆ ಮಾತ್ರ ನಿಜ ಗೊತ್ತು. ಅವನ ಮುಖ ಸಿಡುಕಿನದೂ ಅಲ್ಲ, ಪೆದ್ದನದೂ ಅಲ್ಲ. ಅಳತೆ ಹಾಕ್ತಿರೋ ಮೇಸ್ತ್ರಿ ಮುಖ.

ಕೊನೆ ಹತ್ತಿರ ಸೇತುವೆ ಕುಸಿದು ರೈಲು ಬೀಳೋದು ಮಾಡೆಲ್ ಅಲ್ಲ. ಅಮೆರಿಕದ ಒರೆಗಾನ್ ರಾಜ್ಯದ ಕಾಟೇಜ್ ಗ್ರೋವ್ ಹತ್ತಿರ ನಿಜವಾದ ಎಂಜಿನ್ನನ್ನೇ ನದಿಗೆ ಬೀಳಿಸಿದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಗುಜರಿಗೆ ಎತ್ತೋವರೆಗೂ ಅಲ್ಲೇ ಬಿದ್ದಿತ್ತು.

ಸೆಕೆಂಡ್ ಶೋ:
ಕಾಪಿ ವಿಷಯ. ಆಗಿನ ಕ್ಯಾಮೆರಾ ಕೈಲಿ ತಿರುಗಿಸೋದು, ಸೆಕೆಂಡಿಗೆ ಇಷ್ಟೇ ಫ್ರೇಮ್ ಅಂತ ಕಟ್ಟುನಿಟ್ಟಿರಲಿಲ್ಲ. 18ರಲ್ಲಿ ತೆಗೆದದ್ದನ್ನ 24ರಲ್ಲಿ ಓಡಿಸಿದರೆ ಮೂರರಲ್ಲಿ ಒಂದು ಭಾಗ ಜಾಸ್ತಿ ಸ್ಪೀಡು. ಸ್ವಲ್ಪ ವೇಗ ಆ ಕಾಲದವರೇ ಬೇಕಂತ ಇಡ್ತಿದ್ದರು, ಅದನ್ನ ಪೂರ್ತಿ ಕಳೀಬೇಡಿ. ಈ ಚಿತ್ರ 75–80 ನಿಮಿಷ ಬಂದರೆ ಸರಿ. ತೀರಾ ಓಡ್ತಿದ್ದರೆ ವಿಎಲ್‌ಸಿ ಅನ್ನೋ ವಿಡಿಯೊ ಪ್ಲೇಯರಲ್ಲಿ ಸ್ಪೀಡ್ 0.9 ಮಾಡಿ ನೋಡಿ.

ಕಾಲು ಕಟ್ ಆಗೋದು ಅಗಲ ಪರದೆ ತುಂಬಿಸೋಕೆ ಮಾಡಿದ ಜೂಮ್‌ನಿಂದ. ಅಗಲ, ಎತ್ತರದ ಅನುಪಾತ ಚಿತ್ರದ್ದು 4:3, ಪರದೆಯದ್ದು 16:9. ಜೂಮ್ ಮಾಡಿದರೆ ಮೇಲೆ ಕೆಳಗೆ ಸೇರಿ ಚಿತ್ರದ ನಾಲ್ಕರಲ್ಲೊಂದು ಭಾಗ ಹೋಯ್ತು, ಎಳೆದು ಹಿಗ್ಗಿಸಿದರೆ ಕೀಟನ್ ಕುಂಬಳಕಾಯಿ ಆಗ್ತಾನೆ. ಅವನ ಅರ್ಧ ತಮಾಷೆ ಇರೋದೇ ಕಾಲಲ್ಲಿ. ಎರಡು ಪಕ್ಕ ಕಪ್ಪು ಪಟ್ಟಿ ಇರಲಿ ಬಿಡಿ.

ಕನ್ನಡ ಸಬ್‌ಟೈಟಲ್ ಫೈಲ್ ಮಾಡೋದಾದರೆ ಯೂನಿಕೋಡ್ ಯುಟಿಎಫ್-8ರಲ್ಲೇ ಸೇವ್ ಮಾಡಿ, ಇಲ್ಲಾಂದ್ರೆ ಬರೀ ಪ್ರಶ್ನಾರ್ಥಕ ಚಿಹ್ನೆ ಬರುತ್ತೆ. ಒತ್ತಕ್ಷರ ಒಡೆದು ಕಂಡರೆ ಫಾಂಟ್ ‘ನೋಟೊ ಸಾನ್ಸ್ ಕನ್ನಡ’ಕ್ಕೆ ಬದಲಾಯಿಸಿ.

ತಿಪಟೂರು ಕೊಬ್ಬರಿ:
ನನ್ನದು ಬೇರೆ ಮಾತು. ಶುರುವಿನಲ್ಲಿ ಯುದ್ಧ ಯಾರ್ಯಾರಿಗೆ ಅಂತ ಗೊತ್ತಾಗೋಷ್ಟರಲ್ಲಿ ಹಿಂದಿನ ಬೆಂಚು ಗಲಾಟೆಗೆ ಇಳಿಯುತ್ತೆ. ಮೊದಲು ಅವನದೇ ‘ಒನ್ ವೀಕ್’ (1920) ಹಾಕಿ, ಅರ್ಧ ಗಂಟೆಯೂ ಇಲ್ಲ. ಮದುವೆ ಉಡುಗೊರೆಯಾಗಿ ಬಿಡಿಭಾಗದ ಮನೆ ಬರುತ್ತೆ, ಹೊಟ್ಟೆಕಿಚ್ಚಿನವನೊಬ್ಬ ಪೆಟ್ಟಿಗೆಗಳ ನಂಬರ್ ತಿದ್ದಿಬಿಡ್ತಾನೆ. ಮನೆ ಸೊಟ್ಟ ಎದ್ದು ನಿಂತ ಕೂಡಲೇ ಮಕ್ಕಳು ನಿಮ್ಮ ಕೈಗೆ ಸಿಕ್ಕರು ಅಂತ ಲೆಕ್ಕ. ಕೊನೆ ಹೇಳಲ್ಲ, ಅಲ್ಲೂ ಒಂದು ರೈಲಿದೆ.

‘ದಿ ಜನರಲ್’ಗೆ ಮುಂಚೆ ಎರಡು ನಿಮಿಷ ಮಾತಾಡಲೇಬೇಕು. ಹೀರೋ ಸೇರೋ ದಕ್ಷಿಣ ರಾಜ್ಯಗಳ ಪಕ್ಷ ಗುಲಾಮಗಿರಿ ಉಳಿಸೋಕೆ ಹೋರಾಡಿದ್ದು; ಚಿತ್ರ ಅದರ ಸೊಲ್ಲೇ ಎತ್ತಲ್ಲ. ಮುಚ್ಚಿಡಬೇಡಿ.

ಗೌರಿಬಿದನೂರು ಪ್ಯಾಸೆಂಜರ್:
ಒಳ್ಳೇದು, ಎರಡೂ ಹಾಕ್ತೀನಿ. ಸಂಗೀತ? ಶಾಲೆಯಲ್ಲಿ ಹಾರ್ಮೋನಿಯಂ, ತಬಲಾ ನುಡಿಸೋ ಮೇಷ್ಟ್ರಿದ್ದಾರೆ.

ರೀಲುಡಬ್ಬ:
ಹಾಗಿದ್ದರೆ ಕಾಪಿಯ ಸೌಂಡ್ ಮ್ಯೂಟ್ ಮಾಡಿ. ಮೂಕಿ ಕಾಲದಲ್ಲೂ ಥಿಯೇಟರಲ್ಲಿ ಕೂತು ನುಡಿಸ್ತಿದ್ದರು. ಮೇಷ್ಟ್ರಿಗೆ ಚಿತ್ರ ಒಂದೆರಡು ಸಲ ಮೊದಲೇ ತೋರಿಸಿ. ರೈಲು ಓಡುವಾಗ ತಬಲಾ ಒಂದೇ ನಡೆಯಲ್ಲಿ ಸಾಗಲಿ, ಬಿದ್ದಾಗೆಲ್ಲ ‘ಧಡ್’ ಅನ್ನಿಸಬೇಡಿ. ಮಕ್ಕಳು ನಗುವಾಗ ಕೈ ಇಳಿಸಲಿ. ಬೇಜಾರಾದ ಕೀಟನ್ ಎಂಜಿನ್ ಚಕ್ರದ ರಾಡಿನ ಮೇಲೆ ಕೂತು, ರೈಲು ಹೊರಟದ್ದೇ ಗೊತ್ತಿಲ್ಲದೆ ಮೇಲೆ ಕೆಳಗೆ ಹೋಗ್ತಾನಲ್ಲ, ಅಲ್ಲಿ ಏನೂ ಬೇಡ. ಹಬೆ ಒಮ್ಮೆಲೇ ಬಿಟ್ಟಿದ್ದರೆ ಚಕ್ರ ನಿಂತಲ್ಲೇ ಗಿರ್ರಂತ ಸುತ್ತಿ ಆಸಾಮಿ ಉಳೀತಿರಲಿಲ್ಲ.