ಅಪ್‌ಡೇಟ್: ಜಿಡ್ಡು ಹಣೆ, ಒಣ ಕೆನ್ನೆಗೆ ಯಾವ ಫೇಸ್ ಮಾಸ್ಕ್ ಎಂದು ಕೇಳಿದ್ದೆ

ನನ್ನ ಹಣೆ, ಮೂಗು ಜಿಡ್ಡು, ಕೆನ್ನೆ ಮಾತ್ರ ಒಣ. ಇಡೀ ಮುಖಕ್ಕೆ ಕ್ಲೇ ಮಾಸ್ಕ್ ಹಚ್ಚಬಹುದಾ ಎಂದು ಕೇಳಿದ್ದೆ. ಜಾಗಕ್ಕೆ ತಕ್ಕಂತೆ ಎರಡು ಬೇರೆ ಮಾಸ್ಕ್ ಹಚ್ಚಿ ಎಂದಿದ್ದಿರಿ. ಹಾಗೇ ಮಾಡುತ್ತಿದ್ದೇನೆ, ಚೆನ್ನಾಗಿ ಒಗ್ಗಿದೆ. ತುಂಬಾ ಥ್ಯಾಂಕ್ಸ್!

ಹಣೆ, ಮೂಗು, ಗದ್ದಕ್ಕೆ ಕೆಯೋಲಿನ್ (ಮೃದುವಾದ ಜೇಡಿಮಣ್ಣು) ಇರುವ ಕ್ಲೇ. ಬೆಂಟೋನೈಟ್ ಎಂಬ ಇನ್ನೊಂದು ಜೇಡಿಮಣ್ಣು ಎಣ್ಣೆಯನ್ನು ಇನ್ನೂ ಜಾಸ್ತಿ ಹೀರುತ್ತದೆ, ನನಗೆ ಅಷ್ಟು ಬೇಕಿರಲಿಲ್ಲ. ಕೆನ್ನೆಗೆ ತೇವ ಹಿಡಿದಿಡುವ ಗ್ಲಿಸರಿನ್, ಹೈಲುರಾನಿಕ್ ಆಸಿಡ್ ಇರುವ ಜೆಲ್ ಮಾಸ್ಕ್.

ಕ್ಲೇ ಪೂರ್ತಿ ಒಣಗಲು ಬಿಡಬೇಡಿ ಎಂಬ ಸಲಹೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂತು. ಅಂಚು ತಿಳಿ ಬಣ್ಣಕ್ಕೆ ತಿರುಗಿರುತ್ತದೆ, ನಡುವೆ ಮುಟ್ಟಿದರೆ ಬೆರಳಿಗೆ ಇನ್ನೂ ಸ್ವಲ್ಪ ಅಂಟುತ್ತದೆ. ಆಗಲೇ, ಅಂದರೆ 10 ನಿಮಿಷದ ಆಸುಪಾಸಿನಲ್ಲಿ, ಉಗುರುಬೆಚ್ಚಗಿನ ನೀರಲ್ಲಿ ತೊಳೆಯುತ್ತೇನೆ. ಬಿರುಕು ಬಿಡುವವರೆಗೆ ಕಾದರೆ ಚರ್ಮ ಬಿಗಿದುಕೊಳ್ಳುತ್ತದೆ, ಅಲ್ವಾ? ತೊಳೆದ ತಕ್ಷಣ ಮಾಯಿಶ್ಚರೈಸರ್ ಹಚ್ಚುತ್ತೇನೆ.

ಮೂಗಿನ ಮೇಲಿನ ಸಣ್ಣ ಬೂದು ಚುಕ್ಕೆಗಳು ಮಾತ್ರ ಹೋಗಿಲ್ಲ. ಅವು ಬ್ಲ್ಯಾಕ್‌ಹೆಡ್ ಅಲ್ಲ, ಸೆಬೇಷಿಯಸ್ ಫಿಲಮೆಂಟ್ (ಚರ್ಮದ ರಂಧ್ರದೊಳಗಿನ ಎಣ್ಣೆಯ ಸಣ್ಣ ಎಳೆ). ಎಣ್ಣೆ ಹೊರಬರುವ ದಾರಿಯಲ್ಲಿ ಸಹಜವಾಗಿಯೇ ಇರುತ್ತವೆ, ತೆಗೆದರೂ ಮತ್ತೆ ತುಂಬಿಕೊಳ್ಳುತ್ತವೆ. ಸುಮ್ನೆ ಒತ್ತಿ, ಉಜ್ಜಿ ಚರ್ಮ ಕೆಡಿಸಿಕೊಳ್ಳಬೇಡಿ, ದಯವಿಟ್ಟು.

ನನ್ನ ತಂಗಿಯದು ಸೂಕ್ಷ್ಮ ಚರ್ಮ, ಬೇಗ ಕೆಂಪಾಗುತ್ತದೆ. ಅವಳಿಗೆ ಓಟ್ಸ್ ಇರುವ, ಪರಿಮಳ ಸೇರಿಸದ ಕ್ರೀಮ್ ಮಾಸ್ಕ್ ಆರಿಸಿದೆವು. ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ, ಮರುದಿನದವರೆಗೂ ಕಾದು ನೋಡಿದಳು. ಉರಿ, ತುರಿಕೆ ಏನೂ ಇಲ್ಲ.

ಯಾರೋ ರೆಟಿನಾಲ್ (ಚರ್ಮ ಒಣಗಿಸಬಲ್ಲ, ವಿಟಮಿನ್ ಎ ಗುಂಪಿನ ಅಂಶ) ಬಗ್ಗೆ ಕೇಳಿದ್ದಿರಿ. ಅದನ್ನು ಹಚ್ಚುವ ರಾತ್ರಿ ನಾನು ಕ್ಲೇ ಮುಟ್ಟುವುದೇ ಇಲ್ಲ.