ನಾಲ್ಕು ಲಕ್ಷದಲ್ಲಿ ಕೆಸರಿನ ದಾರಿಗೆ ಎಂಥ ಜೀಪು? – ಪ್ರಶ್ನೋತ್ತರ

ಪ್ರಶ್ನೆ (ಮೂಡಿಗೆರೆ ಸಮೀಪದ ಬೆಳೆಗಾರರು):
ನಮಸ್ಕಾರ ಸರ್. ದೇವರಮನೆ ಕಡೆಗೆ ಹೋಗುವ ದಾರಿಯಲ್ಲಿ ನಮ್ಮದು ಹನ್ನೆರಡು ಎಕರೆ ಕಾಫಿ ತೋಟ. ಡಾಂಬರು ರಸ್ತೆಯಿಂದ ಮನೆಗೆ ಮೂರು ಕಿಲೋಮೀಟರ್ ಮಣ್ಣಿನ ದಾರಿಯಿದ್ದು, ನಡುವೆ ಒಂದು ಹಳ್ಳ, ಹಳ್ಳ ದಾಟಿದ ಕೂಡಲೇ ಎರಡು ಕಡಿದಾದ ತಿರುವುಗಳಿವೆ. ಮಳೆಗಾಲ ಹಿಡಿಯಿತೆಂದರೆ ಕಾರನ್ನು ರಸ್ತೆಬದಿಯ ಪರಿಚಿತರ ಅಂಗಳದಲ್ಲಿ ಬಿಟ್ಟು ನಡೆದು ಹೋಗುತ್ತೇವೆ. ಗೊಬ್ಬರದ ಮೂಟೆಗೆ ಬಾಡಿಗೆ ಜೀಪನ್ನೇ ಕಾಯಬೇಕು. ಒಟ್ಟು ನಾಲ್ಕು ಲಕ್ಷ ರೂಪಾಯಿ ಹೊಂದಿಸಬಲ್ಲೆ. ಹಳೆಯ ಜಿಪ್ಸಿ, ಹಳೆಯ ಮಹೀಂದ್ರಾ ಡೀಸೆಲ್ ಜೀಪು, ಅಥವಾ ಟೂ ವೀಲ್ ಡ್ರೈವ್ ಬೊಲೆರೊ ಕೊಂಡು ದಪ್ಪ ಟೈರು ಹಾಕಿಸುವುದು, ಈ ಮೂರರಲ್ಲಿ ಯಾವುದು ಸರಿ? ವರ್ಷಕ್ಕೊಮ್ಮೆ ಸಕಲೇಶಪುರದ ಕಡೆ ಗೆಳೆಯರೊಡನೆ ಆಫ್‌ರೋಡ್ ಓಡಿಸುವ ಆಸೆಯೂ ಇದೆ.

ಉತ್ತರ (ಹಾಸನದ ಗ್ಯಾರೇಜ್ ಮಾಲೀಕರು):
ಬೊಲೆರೊ ಒಳ್ಳೆಯ ಗಾಡಿಯೇ, ಆದರೆ ನಿಮ್ಮ ದಾರಿಗೆ ಅದನ್ನು ಬಿಡಿ. ಹಿಂದಿನ ಎರಡು ಚಕ್ರಗಳ ನಡುವಿನ ಡಿಫರೆನ್ಷಿಯಲ್, ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ಸುತ್ತಲೆಂದು ಮಾಡಿದ ಏರ್ಪಾಡು. ಅದರ ದೋಷವೇನೆಂದರೆ, ಒಂದು ಚಕ್ರ ಕೆಸರಿನಲ್ಲಿ ಜಾರತೊಡಗಿದರೆ ಸುತ್ತೆಲ್ಲ ಆ ಚಕ್ರಕ್ಕೇ ಹೋಗುತ್ತದೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರ ಸುಮ್ಮನೆ ನಿಂತಿರುತ್ತದೆ. ನೀರಿನಿಂದ ಎದ್ದ ಟೈರು ನೇರವಾಗಿ ಏರು ಹತ್ತಬೇಕಾದ ನಿಮ್ಮಂಥ ಜಾಗದಲ್ಲಿ ಟೈರು ಎಷ್ಟು ದಪ್ಪವಿದ್ದರೂ ಕಥೆ ಇಷ್ಟೇ. ಜಿಪ್ಸಿ, ಜೀಪಿನಂಥ ಫೋರ್ ವೀಲ್ ಡ್ರೈವ್, ಎಂದರೆ ನಾಲ್ಕೂ ಚಕ್ರ ಎಳೆಯುವ ಗಾಡಿಯಲ್ಲೂ ಮುಂದೊಂದು ಹಿಂದೊಂದು ಚಕ್ರ ಒಟ್ಟಿಗೆ ಜಾರಿದರೆ ಗಾಡಿ ನಿಲ್ಲುವುದುಂಟು, ಆದರೂ ಎಳೆಯುವ ಆಕ್ಸಲ್ ಎರಡಿರುವುದರಿಂದ ಅಂಥ ಸಂದರ್ಭ ಕಡಿಮೆ. ಅದಕ್ಕಿಂತ ಮುಖ್ಯವಾದದ್ದು ಲೋ ಗೇರ್, ಎಂದರೆ ಓಟ ತಗ್ಗಿಸಿ ಎಳೆತ ಹೆಚ್ಚಿಸುವ, ಬೇರೆ ಲಿವರಿನಿಂದ ಹಾಕುವ ಗೇರು. ಇಳಿಜಾರಿನಲ್ಲಿ ಲೋ ಒಂದನೇ ಗೇರಿಗೆ ಹಾಕಿ, ಕ್ಲಚ್ಚನ್ನೂ ಬ್ರೇಕನ್ನೂ ಮುಟ್ಟದೆ ಎಂಜಿನ್ ಹಿಡಿತದಲ್ಲೇ ಇಳಿಸಬಲ್ಲವರಿಗೆ ಅದರ ಬೆಲೆ ಗೊತ್ತು.

ಇನ್ನು ಜಿಪ್ಸಿಯೋ ಜೀಪೋ ಎಂಬ ಮಾತು. 1985ರಲ್ಲಿ ಬಂದ ಜಿಪ್ಸಿ ಸುಮಾರು ಒಂದು ಟನ್ ತೂಕದ ಹಗುರ ಗಾಡಿ. ಕೆಸರಿನಲ್ಲಿ ಹೂತುಕೊಳ್ಳುವುದು ಕಡಿಮೆ, ಸಿಕ್ಕಿಕೊಂಡರೂ ನಾಲ್ಕು ಜನ ಸೇರಿ ತಳ್ಳಬಹುದು. ಆದರೆ ಡಿಎಪಿ ಗೊಬ್ಬರದ ಮೂಟೆ 50 ಕಿಲೋ, ಹತ್ತು ಮೂಟೆ ಎಂದರೆ ಐದು ಕ್ವಿಂಟಲ್. ಅಷ್ಟು ಹೇರಿದರೆ ಜಿಪ್ಸಿಯ ಹಿಂಭಾಗ ಕುಳಿತುಬಿಡುತ್ತದೆ, ಜೊತೆಗೆ ಗಾಡಿಯ ತಯಾರಿಕೆ ನಿಂತು ವರ್ಷಗಳಾದವು. ಮಹೀಂದ್ರಾದ ಎಂಎಂ 540 ಮಾದರಿಯ ಜೀಪಿನಲ್ಲಿ ಪ್ಯೂಜೋ ಮೂಲದ 2.1 ಲೀಟರ್ ಡೀಸೆಲ್ ಎಂಜಿನ್ ಇದೆ. ಓಟ ನಿಧಾನ, ಸದ್ದು ಜಾಸ್ತಿ, ಕುಳಿತವರ ಸೊಂಟಕ್ಕೆ ಸುಖವಿಲ್ಲ. ಹೊರೆ ಹೊರುವ ವಿಷಯದಲ್ಲಿ ಮಾತ್ರ ತಕರಾರು ಹೇಳುವುದಿಲ್ಲ, ಬಿಚ್ಚಿ ಜೋಡಿಸಬಲ್ಲ ಮೇಸ್ತ್ರಿಗಳು ಮಲೆನಾಡಿನ ಯಾವ ಪೇಟೆಯಲ್ಲೂ ಇದ್ದಾರೆ. ಮೂಟೆ, ಮನೆ, ಮಳೆ ಎಂಬ ನಿಮ್ಮ ಅಗತ್ಯವನ್ನು ನೋಡಿದರೆ ನನ್ನ ಮತ ಡೀಸೆಲ್ ಜೀಪಿಗೆ. ಆದರೆ ನಾಲ್ಕು ಲಕ್ಷವನ್ನೂ ಮಾರುವವನ ಕೈಗಿಡಬೇಡಿ. ಖರೀದಿಗೆ ಎರಡೂಮುಕ್ಕಾಲು ಲಕ್ಷದೊಳಗೆ ನಿಂತು, ಉಳಿದದ್ದನ್ನು ಕೆಳಗಿನ ಕೆಲಸಕ್ಕೂ ಟೈರಿಗೂ ಎತ್ತಿಡಿ.

ಪ್ರಶ್ನೆ (ಅದೇ ಬೆಳೆಗಾರರು):
ಹಳೆಯ ಜೀಪನ್ನು ನೋಡಲು ಹೋದಾಗ ನನ್ನಂಥ ತಿಳಿಯದವನು ಏನನ್ನು ಗಮನಿಸಬೇಕು?

ಉತ್ತರ:
ಹೊಸ ಬಣ್ಣವನ್ನು ನೋಡಿ ಮರುಳಾಗಬೇಡಿ. ಗೋಣಿಚೀಲ ಹಾಸಿಕೊಂಡು ಗಾಡಿಯ ಅಡಿಗೆ ತೂರಿಕೊಳ್ಳಿ. ಮೂರು ದಶಕ ಮಲೆನಾಡಿನ ಮಳೆಯಲ್ಲಿ ನೆನೆದ ಚಾಸಿಸ್ ಹೊರಗಿನಿಂದಲ್ಲ, ಒಳಗಿನಿಂದ ತುಕ್ಕು ತಿನ್ನುತ್ತದೆ. ಲೀಫ್ ಸ್ಪ್ರಿಂಗ್‌ಗಳನ್ನು ಹಿಡಿದ ಬ್ರಾಕೆಟ್‌ಗಳ ಬಳಿ ಮತ್ತು ಸ್ಟೇರಿಂಗ್ ಬಾಕ್ಸ್ ಕೂತಿರುವ ಕಡೆ ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿದು ನೋಡಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಸತ್ತ ಕಬ್ಬಿಣ ಮಂಕಾಗಿ ಸದ್ದು ಮಾಡಿ ಪುಡಿ ಉದುರಿಸುತ್ತದೆ. ಅದೇ ಜಾಗದಲ್ಲಿ ಹೊಸ ವೆಲ್ಡಿಂಗ್ ಕಂಡರೆ, ಅದರ ಮೇಲೆ ದಪ್ಪ ಕಪ್ಪು ಬಣ್ಣ ಬಳಿದಿದ್ದರೆ, ಚಹಾ ಕುಡಿದು ವಾಪಸು ಬನ್ನಿ. ಎಂಜಿನ್ ಬಿಗಿ ಮಾಡಿಸಬಹುದು, ಗೇರ್‌ಬಾಕ್ಸ್ ಬದಲಿಸಬಹುದು. ಕೊಳೆತ ಚಾಸಿಸ್‌ಗೆ ಈ ಬಜೆಟ್ಟಿನಲ್ಲಿ ಮದ್ದಿಲ್ಲ.

ಬಳಿಕ ಡಿಫರೆನ್ಷಿಯಲ್‌ನ ಆಯಿಲ್ ಬೋಲ್ಟನ್ನು ತುಸು ಸಡಿಲಿಸಿ, ಬೆರಳಿಗೆ ಒಂದು ಹನಿ ತೆಗೆದುಕೊಳ್ಳಿ. ಡಿಕಾಕ್ಷನ್‌ಗೆ ಹಾಲು ಬೆರೆಸಿದ ಬಣ್ಣವಿದ್ದರೆ ಒಳಗೆ ನೀರು ಹೋಗಿದೆ, ಬೇರಿಂಗ್‌ಗಳು ಸವೆದಿರುತ್ತವೆ. ಮಾರುವವರು ಒಪ್ಪದಿದ್ದರೆ ಅದೂ ಒಂದು ಉತ್ತರವೇ. ಫೋರ್ ವೀಲ್ ಗೇರನ್ನು ಮಾತಿನಲ್ಲಿ ನಂಬದೆ, ಮಣ್ಣಿನ ನೆಲದಲ್ಲಿ ಹಾಕಿಸಿ, ಲೋ ಗೇರಿನಲ್ಲಿ ಏರು ಹತ್ತಿಸಿ ನೋಡಿ. ಲಿವರ್ ಎಗರಿ ನ್ಯೂಟ್ರಲ್‌ಗೆ ಬಂದರೆ ಒಳಗಿನ ಹಲ್ಲುಗಳು ಸವೆದಿವೆ. ಒಣ ಡಾಂಬರಿನ ಮೇಲೆ ಈ ಪರೀಕ್ಷೆ ಮಾಡಬೇಡಿ. ಮುಂದಿನ ಮತ್ತು ಹಿಂದಿನ ಚಕ್ರಗಳು ತಿರುವಿನಲ್ಲಿ ಬೇರೆ ಬೇರೆ ದೂರ ಕ್ರಮಿಸುವುದರಿಂದ, ಜಾರಲು ಅವಕಾಶವಿಲ್ಲದ ನೆಲದಲ್ಲಿ ಆ ಒತ್ತಡವೆಲ್ಲ ಶಾಫ್ಟಿನ ಮೇಲೂ ಗೇರಿನ ಮೇಲೂ ಬೀಳುತ್ತದೆ.

ಕಾಗದದ ವಿಷಯದಲ್ಲಿ ಸಂಕೋಚ ಬೇಡ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿದು, ಆಮೇಲೆ ಐದೈದು ವರ್ಷಕ್ಕೆ ನವೀಕರಣವಾಗಬೇಕು. ಆ ಅವಧಿ ಇನ್ನೆಷ್ಟು ಉಳಿದಿದೆ ನೋಡಿ. ಹಳೆಯ ಜೀಪುಗಳಿಗೆ ಬೇರೆ ಎಂಜಿನ್ ಕೂರಿಸುವ ರೂಢಿ ಮೊದಲಿನಿಂದಲೂ ಇದೆ. ಆದ್ದರಿಂದ ಆರ್‌ಸಿಯಲ್ಲಿರುವ ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳನ್ನು ಗಾಡಿಯ ಮೇಲಿನ ಸಂಖ್ಯೆಗಳೊಂದಿಗೆ ಅಕ್ಷರ ಬಿಡದೆ ಹೋಲಿಸಿ.

ಪ್ರಶ್ನೆ (ಚಿಕ್ಕಮಗಳೂರಿನ ಜಿಪ್ಸಿ ಮಾಲೀಕರು):
ನಡುವೆ ಬಂದುದಕ್ಕೆ ಕ್ಷಮಿಸಿ. ನನ್ನ ಜಿಪ್ಸಿಯನ್ನು ನಾಲ್ಕು ಇಂಚು ಎತ್ತರಿಸಿ, ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಬೇಕೆಂದಿದ್ದೇನೆ. ತಮ್ಮ ಸಲಹೆ?

ಉತ್ತರ:
ಬೇಡ ಎನ್ನುವುದೇ ಸಲಹೆ, ಕಾರಣ ಹೇಳುತ್ತೇನೆ. ಲೀಫ್ ಸ್ಪ್ರಿಂಗ್ ಎತ್ತರಿಸಿದರೆ ಮೇಲೇಳುವುದು ಬಾಡಿ ಮತ್ತು ಚಾಸಿಸ್ ಮಾತ್ರ. ಕಲ್ಲಿಗೆ ಮೊದಲು ತಾಗುವ ಡಿಫರೆನ್ಷಿಯಲ್ ಹೌಸಿಂಗ್ ಇದ್ದಲ್ಲೇ ಇರುತ್ತದೆ. ಅದನ್ನು ಮೇಲೆತ್ತುವುದು ಟೈರು ಒಂದೇ. 205/70 ಆರ್15 ಬದಲು 215/75 ಆರ್15 ಹಾಕಿದರೆ ಟೈರಿನ ವ್ಯಾಸ ಸುಮಾರು 668 ಮಿಲಿಮೀಟರಿನಿಂದ 703ಕ್ಕೆ ಏರುತ್ತದೆ, ಅದರ ಅರ್ಧದಷ್ಟು, ಎಂದರೆ ಎರಡು ಸೆಂಟಿಮೀಟರಿಗೂ ಕಡಿಮೆ, ನಿಮಗೆ ದಕ್ಕುತ್ತದೆ. ಸ್ಪೀಡೋಮೀಟರ್ 60 ತೋರಿಸುವಾಗ ನೀವು 63ರಲ್ಲಿರುತ್ತೀರಿ. ನಾಲ್ಕು ಇಂಚಿನ ಆಸೆಗೆ ಬಿದ್ದವರ ಗಾಡಿಯಲ್ಲಿ, ಸುತ್ತನ್ನು ಆಕ್ಸಲ್ಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಟ್ಟು ಜಾಯಿಂಟ್ ಕ್ರಾಸ್‌ಗಳು ಬೇಗ ಹೋಗುತ್ತವೆ, ಬ್ರೇಕ್ ಹೋಸ್ ಬಿಗಿಯುತ್ತದೆ, ಚಾರ್ಮಾಡಿಯ ತಿರುವುಗಳಲ್ಲಿ ಗಾಡಿ ಓಲಾಡುತ್ತದೆ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ನಮೂದಿಸಿದ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. 2019ರ ತಿದ್ದುಪಡಿಯ ಬಳಿಕ ಇಂಥ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ ಆಗಬಹುದು. ಮುಂಭಾಗದ ಗಾರ್ಡ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಅದೇ ಹಣದಲ್ಲಿ ಚಾಸಿಸ್‌ಗೆ ಬೋಲ್ಟ್ ಮಾಡಿದ ಗಟ್ಟಿ ಟೋ ಹುಕ್ಕುಗಳು, ಒಳ್ಳೆಯ ಎಳೆಪಟ್ಟಿ ಮತ್ತು ಪಟ್ಟಿಯನ್ನು ಹುಕ್ಕಿಗೆ ಸೇರಿಸುವ ಎರಡು ಶ್ಯಾಕಲ್ ಕೊಂಡಿಗಳನ್ನು ಕೊಳ್ಳಿ. ಎಳೆಯುವಾಗ ಪಟ್ಟಿಯ ನೇರದಲ್ಲಿ ಯಾರನ್ನೂ ನಿಲ್ಲಲು ಬಿಡಬೇಡಿ. ಕಿತ್ತುಬಂದ ಹುಕ್ಕು ಗುಂಡಿನಂತೆ ಹಾರುತ್ತದೆ.

ಪ್ರಶ್ನೆ (ಮೂಡಿಗೆರೆಯ ಬೆಳೆಗಾರರು):
ನಮ್ಮ ಹಳ್ಳದಲ್ಲಿ ಜುಲೈನಲ್ಲಿ ಮೊಣಕಾಲುದ್ದ ನೀರಿರುತ್ತದೆ. ಎಂಜಿನ್ನಿಗೆ ಎತ್ತರದಿಂದ ಗಾಳಿ ಎಳೆಯುವ ಸ್ನಾರ್ಕೆಲ್ ಕೊಳವೆ ಬೇಕಾಗುತ್ತದೆಯೇ? ಟೈರು ಎಂಥದು ಹಾಕಿಸಲಿ?

ಉತ್ತರ:
ಮೊಣಕಾಲುದ್ದಕ್ಕೆ ಸ್ನಾರ್ಕೆಲ್ ಬೇಡ. ಅದಕ್ಕಿಂತ ಏರಿದ ದಿನ ಹಳ್ಳಕ್ಕಿಳಿಯುವುದೇ ಬೇಡ. ನೀರು ಎಂಜಿನ್ನಿನೊಳಗೆ ಹೋದರೆ ಗಾಳಿಯಂತೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ನಿಮಗೆ ಬೇಕಾದದ್ದು ಕೆಲವು ನೂರು ರೂಪಾಯಿಯ ಒಂದು ಕೆಲಸ. ಓಡಿ ಬಿಸಿಯಾದ ಡಿಫರೆನ್ಷಿಯಲ್ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಉಸಿರುಗೊಳವೆಯಿಂದಲೂ ಸೀಲಿನ ಸಂದಿಯಿಂದಲೂ ನೀರನ್ನು ಹೀರಿಕೊಳ್ಳುತ್ತದೆ. ಆ ಬ್ರೀದರ್‌ಗೆ ರಬ್ಬರ್ ಪೈಪ್ ಜೋಡಿಸಿ ಎಂಜಿನ್ ಕೋಣೆಯ ಮೇಲ್ಭಾಗಕ್ಕೆ ಒಯ್ದು ಕಟ್ಟಿಸಿ. ಹಳ್ಳ ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತಿ ಹಿಡಿದು ಸ್ವಲ್ಪ ದೂರ ಓಡಿಸಿ, ಡ್ರಮ್ಮುಗಳು ಒಣಗಲಿ.

ಟೈರಿನ ವಿಷಯದಲ್ಲಿ ನಾನು ಹಳಬ. ನಿಮ್ಮ ದಾರಿಯಲ್ಲಿ ಮೇಲೆ ನಾಲ್ಕು ಬೆರಳು ಕೆಸರು, ಅಡಿಯಲ್ಲಿ ಗಟ್ಟಿ ನೆಲ ಇದ್ದರೆ, ಅಗಲದ ಟೈರು ಕೆಸರಿನ ಮೇಲೆ ತೇಲುತ್ತದೆ, ಕಿರಿದಾದ ಟೈರು ಅದನ್ನು ಸೀಳಿ ಕೆಳಗಿನ ನೆಲವನ್ನು ಹಿಡಿಯುತ್ತದೆ. ಆದ್ದರಿಂದ ಕಂಪನಿ ಅಳತೆಯ ಅಗಲದಲ್ಲೇ ಒರಟು ಉಬ್ಬುಗಳ ಮಡ್ ಟೈರು ಹಾಕಿಸಿ. ಅದರ ಸದ್ದು ಸಹಿಸಬೇಕು, ಮಳೆಯಲ್ಲಿ ಡಾಂಬರಿನ ಮೇಲೆ ಬ್ರೇಕಿನ ಅಂತರ ಹೆಚ್ಚುತ್ತದೆ. ಆಷಾಢದ ಎರಡು ವಾರ ಅದೂ ಸಾಲದಾದರೆ, ತೋಟದ ಜೀಪಿನವರು ಮೊದಲಿನಿಂದ ಮಾಡುತ್ತ ಬಂದಂತೆ ಹಿಂದಿನ ಚಕ್ರಗಳಿಗೆ ಚೈನ್ ಕಟ್ಟಿ, ಡಾಂಬರು ಮುಟ್ಟುವ ಮೊದಲು ಬಿಚ್ಚಿ.

ಗೆಳೆಯರೊಡನೆ ಓಡಿಸುವುದಾದರೆ ಮಾಲೀಕರ ಒಪ್ಪಿಗೆಯಿರುವ ಖಾಸಗಿ ಜಮೀನಿನಲ್ಲಿ ಮಾತ್ರ ಓಡಿಸಿ. ಕಾಯ್ದಿಟ್ಟ ಅರಣ್ಯದಲ್ಲಿ ಗಾಡಿ ಇಳಿಸಿದರೆ ಮೊಕದ್ದಮೆಯಾಗುತ್ತದೆ, ಬೆಟ್ಟದ ಶೋಲೆ ಕಾಡಿನ ನಡುವಿನ ಹುಲ್ಲುಗಾವಲಿನಲ್ಲಿ ಬಿದ್ದ ಚಕ್ರದ ಗೆರೆ ಮುಂದಿನ ಮಳೆಗೆ ಕೊರಕಲಾಗುತ್ತದೆ. ಗಾಡಿ ಗೊತ್ತಾದ ದಿನ ಮುಂಗಡ ಕೊಡುವ ಮುನ್ನ ಚಾಸಿಸ್‌ನ ಅಡಿಭಾಗದ ನಾಲ್ಕು ಚಿತ್ರ ತೆಗೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.